ಒಂದೇ ಸಲ ಕೇಳುವ ಪ್ರಶ್ನೆ

"ಈ ಡಾಕ್ಯುಮೆಂಟ್ ಬರೆದ ಮಹಾನುಭಾವ ಯಾರ್ರೀ? ಒಂದ್ಸಲ ಅವ್ರ ಮುಖ ನೋಡ್ಬೇಕು ನಂಗೆ!"

ಸುಕನ್ಯಳ ದನಿ ಆ ಪುಟ್ಟ ಆಫೀಸಿನ ನಾಲ್ಕೂ ಗೋಡೆಗೆ ಬಡಿಯಿತು. ಅವಳು ಕೆಲಸಕ್ಕೆ ಸೇರಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ!

"ಇಲ್ನೋಡಿ, ಮೂರನೇ ಸಾಲು. 'ಆಮೇಲೆ ಮಾಮೂಲಿ ಸೆಟ್ಟಿಂಗ್ ಹಾಕಿ.' ಯಾರ ಮನೆ ಮಾಮೂಲಿ ಇದು? ಐದನೇ ಸಾಲು. 'ಉಳಿದಿದ್ದು ಗೊತ್ತೇ ಇದೆ.' ಯಾರಿಗ್ರೀ ಗೊತ್ತು?"

ಹಿಂದಿನಿಂದ ಯಾರೋ ಮೆಲ್ಲಗೆ ಕೆಮ್ಮಿದರು.

ತಿರುಗಿ ನೋಡಿದಳು. ಎರಡೂ ಕೈಯಲ್ಲಿ ಒಂದೊಂದು ಟೀ ಲೋಟ ಹಿಡಿದು ಒಬ್ಬ ನಿಂತಿದ್ದ. ಎತ್ತರದ ಆಳು, ಕಪ್ಪಗಿನ ಮುಖ, ಆ ಮುಖದ ತುಂಬ ತಡೆಹಿಡಿದ ನಗು.

"ಆ ಮಹಾನುಭಾವ ನಾನೇ ಕಣ್ರೀ. ಯತೀಶ್ ಅಂತ. ಮುಖ ನೋಡ್ಬೇಕು ಅಂದ್ರಲ್ಲ, ನೋಡ್ಕಳಿ. ಅಂಗೇ ಟೀನೂ ತಗಳಿ."

ಅಯ್ಯೋ... ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಸುಕನ್ಯಳಿಗೆ. ಕಿವಿ ಬಿಸಿಯಾಯಿತು.

"ಬೇಡ," ಎಂದಳು.

"ತಗಳಿ."

"ಬೇಡ ರೀ..."

"ಆರೋಯ್ತದೆ, ತಗಳಿ ಅಂದ್ರೆ!"

ಮೂರನೇ ಸಲಕ್ಕೆ ಅವಳ ಕೈ ತಾನಾಗಿ ಮುಂದೆ ಹೋಯಿತು. ಲೋಟ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿತು. ಅಷ್ಟೇ! ಆ ಟೀಗೆ ಸಕ್ಕರೆ ಇತ್ತೋ ಇಲ್ಲವೋ, ಇವತ್ತಿಗೂ ಅವಳಿಗೆ ನೆನಪಿಲ್ಲ.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬೇಕರಿಯ ಮಹಡಿ ಮೇಲೆ ಇತ್ತು ಆ ಆಫೀಸು. ಮಾಲೀಕ ಮಹೇಂದ್ರ. ಒಟ್ಟು ನಾಲ್ಕೇ ಜನ. ಬೇಕರಿಯಲ್ಲಿ ಬನ್ನು ಬೇಯುವ ಹೊತ್ತಿಗೆ ಮೇಲೆ ಯಾರಿಗೂ ಕೆಲಸದ ಮೇಲೆ ಗಮನ ನಿಲ್ಲುತ್ತಿರಲಿಲ್ಲ.

ಯತೀಶ್ ಬೆಟ್ಟದಪುರದವನು. ಅವನಪ್ಪ ಹೊಗೆಸೊಪ್ಪು ಬೆಳೆಯುವವರು. ಮೊದಲು ಮಡಿಯಲ್ಲಿ ಸಸಿ ಎಬ್ಬಿಸಿಕೊಂಡು ಆಮೇಲೆ ಹೊಲಕ್ಕೆ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದವನು, ತಾನು ಕಟ್ಟಿದ ಟೂಲಿಗೂ 'ಸಸಿಮಡಿ' ಅಂತಲೇ ಹೆಸರಿಟ್ಟಿದ್ದ. ಹೊಸ ಸಾಫ್ಟ್‌ವೇರ್ ಪ್ರಾಜೆಕ್ಟ್ ಶುರು ಮಾಡುವವರಿಗೆ ಬೇಕಾದ ಫೋಲ್ಡರು, ಫೈಲು, ಸೆಟ್ಟಿಂಗು ಎಲ್ಲವನ್ನೂ ಅದು ಎರಡೇ ನಿಮಿಷದಲ್ಲಿ ಜೋಡಿಸಿಕೊಡುತ್ತಿತ್ತು. ಅದೂ ಕನ್ನಡದಲ್ಲೇ ಒಂದೊಂದಾಗಿ ಪ್ರಶ್ನೆ ಕೇಳಿಕೊಂಡು!

ಈಗ ಬಂದಿದ್ದ ಹೊಸ ಸಂಗತಿ ಏನೆಂದರೆ, ಇನ್ನು ಮುಂದೆ ಆ ಟೂಲನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಹೇಳಿದ ಕೆಲಸವನ್ನು ತಾನೇ ಓದಿಕೊಂಡು, ತಾನೇ ಕಂಪ್ಯೂಟರ್ ನಡೆಸಿ ಮುಗಿಸುವಂಥವು. ಮೈಸೂರಿನ ಒಂದು ಕಂಪನಿ ಆಸಕ್ತಿ ತೋರಿಸಿತ್ತು. ಆರು ವಾರ ಬಿಟ್ಟು ಒಂದು ಶುಕ್ರವಾರ ಅವರು ತಮ್ಮ ಏಜೆಂಟ್ ಜೊತೆ ಬರುತ್ತಾರೆ. ಅದರ ಮುಂದೆ ಇರುವುದು ಡಾಕ್ಯುಮೆಂಟ್ ಒಂದೇ. ಕೀಬೋರ್ಡನ್ನು ಯಾರೂ ಮುಟ್ಟುವಂತಿಲ್ಲ.

ಆ ಡಾಕ್ಯುಮೆಂಟ್ ಬರೆಯಲು ಮಹೇಂದ್ರ ಹುಡುಕಿ ತಂದದ್ದು ಸುಕನ್ಯಳನ್ನು. ಬಿಎ ಮುಗಿಸಿ, ಗಾವಡಗೆರೆಯಲ್ಲಿ ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದ ಹುಡುಗಿ. ಅವಳು ಬರೆದ ಅರ್ಜಿ ಯಾವ ಕಚೇರಿಯಿಂದಲೂ 'ವಿವರ ಸಾಲದು' ಅಂತ ವಾಪಸ್ ಬಂದದ್ದಿಲ್ಲ. ಆರು ವಾರದ ಕೆಲಸ, ಏಜೆಂಟ್ ಗೆದ್ದರೆ ಖಾಯಂ ಎಂದಿದ್ದ ಮಹೇಂದ್ರ.

ಶುರುವಾಯಿತು ನೋಡಿ ಆಮೇಲೆ ದಿನವಿಡೀ ಕಿತ್ತಾಟ!

"ಮಾಮೂಲಿ ಸೆಟ್ಟಿಂಗ್ ಅಂದ್ರೆ ಯಾವ್ದು? ಹೆಸರು ಹೇಳಿ."

"ಅದೇ ಕಣ್ರೀ... ಎಲ್ರೂ ಹಾಕ್ತಾರಲ್ಲ, ಅದು."

"ಏಜೆಂಟ್ ಬೆಟ್ಟದಪುರದಲ್ಲಿ ಹುಟ್ಟಿದ್ದಲ್ಲ! ನಿಮ್ಮ ಮನಸ್ಸಲ್ಲಿ ಇರೋದು ಅದಕ್ಕೆ ಕಾಣ್ಸಲ್ಲ. ಹೇಳಿದ್ರೆ ಉಂಟು, ಹೇಳದಿದ್ರೆ ಇಲ್ಲ."

ಯತೀಶ್ ತಲೆ ಕೆರೆದುಕೊಳ್ಳುತ್ತಿದ್ದ. ಅವನ ತಲೆಯಲ್ಲಿದ್ದದ್ದನ್ನೆಲ್ಲ ಅವಳು ಒಂದೊಂದಾಗಿ ಎಳೆದು ಹಾಳೆಗೆ ಇಳಿಸುತ್ತಿದ್ದಳು. ಎರಡೇ ವಾರದಲ್ಲಿ ಅವನಿಗೆ ಬೆಳಗಿನ ಬಸ್ಸು ನಿಧಾನ ಅನ್ನಿಸತೊಡಗಿತು. ಅವಳೋ, ಮಹಡಿ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು ಕೇಳಿದರೆ ಸುಮ್ಮಸುಮ್ಮನೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಬಾಯಿಬಿಡಲಿಲ್ಲ, ಅದು ಬೇರೆ ಮಾತು.

ಮೂರನೇ ವಾರ ಮೊದಲ ಪರೀಕ್ಷೆ ಇಟ್ಟರು. ಆಫೀಸಿನದೇ ಒಂದು ಏಜೆಂಟ್, ಸುಕನ್ಯಳ ಡಾಕ್ಯುಮೆಂಟ್. ಎಲ್ಲರೂ ಪರದೆಗೆ ಮುಖ ಒಡ್ಡಿ ನಿಂತರು.

ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಸಸಿಮಡಿ ಕೇಳಿತು: 'ಸ್ಯಾಂಪಲ್ ಫೈಲುಗಳನ್ನೂ ಹಾಕಲೇ?'

ಏಜೆಂಟ್ ಉತ್ತರಿಸಿತು: 'ಬೇಡ.'

'ಸ್ಯಾಂಪಲ್ ಫೈಲುಗಳನ್ನೂ ಹಾಕಲೇ?'

'ಬೇಡ.'

'ಸ್ಯಾಂಪಲ್ ಫೈಲುಗಳನ್ನೂ ಹಾಕಲೇ?'

ಏಜೆಂಟ್ ಡಾಕ್ಯುಮೆಂಟನ್ನು ಇನ್ನೊಮ್ಮೆ ಓದಿತು. ಆಮೇಲೆ ಬರೆಯಿತು: 'ನನ್ನ ಉತ್ತರವನ್ನು ಟೂಲ್ ಒಪ್ಪುತ್ತಿಲ್ಲ ಎಂದು ಕಾಣುತ್ತದೆ. ಮುಂದುವರಿಯಲು ಉತ್ತರ ಬದಲಿಸುತ್ತಿದ್ದೇನೆ. ಹಾಕಿ.'

ಮುಗಿಯಿತು. ಯಾರಿಗೂ ಬೇಡವಾದ ನೂರಾರು ಫೈಲುಗಳು ಪ್ರಾಜೆಕ್ಟಿನ ತುಂಬ ಬಂದು ಬಿದ್ದವು!

"ಮೂರು ಸಲ ಯಾಕ್ರೀ ಕೇಳತ್ತೆ ಇದು?" ಸುಕನ್ಯ ಕೂಗಿದಳು.

ಯತೀಶ್ ಮುಖ ಸಣ್ಣದು ಮಾಡಿಕೊಂಡ. "ಅಂಗಲ್ಲ ಕಣ್ರೀ... ಆಫೀಸ್ನೋರು ಮೊದ್ಲು ಬೇಡ ಅಂತಾರೆ, ಆಮೇಲೆ ಬಂದು ಹಾಕ್ಕೊಡು ಅಂತಾರೆ. ನಮ್ಮ ಕಡೆ ಯಾರು ಒಂದೇ ಸಲಕ್ಕೆ ಹೂಂ ಅಂತಾರೆ ಹೇಳಿ? ಉಣ್ಣಕ್ಕೆ ಕೂತ ನೆಂಟರು ಎರಡು ಸಲ ಬೇಡ ಅಂದು, ಮೂರನೇದಕ್ಕೆ ತಟ್ಟೆ ಮುಂದಕ್ಕೆ ತಳ್ಳಲ್ವಾ? ನೀವೇ ಮೊದಲನೇ ದಿನ ಟೀ..."

"ಟೀ ವಿಷಯ ಬುಡಿ!" ಅವಳ ಕೆನ್ನೆ ಕೆಂಪಾಯಿತು. "ಮತ್ತೆ ಮತ್ತೆ ಕೇಳಿದ್ರೆ ಪಾಪ, ಅದು ಬೇಡದೆ ಇದ್ರೂ ಹೂಂ ಅಂದ್ಬಿಡತ್ತೆ. ಅಂಥ ಹೂಂ ಇಟ್ಕೊಂಡು ಏನು ಮಾಡ್ತೀರ? ಯಾರ ಉತ್ತರವನ್ನಾದ್ರೂ ಮೊದಲನೇ ಸಲವೇ ನಂಬಬೇಕು ಕಣ್ರೀ."

ಅವತ್ತೇ ಕೂತು ಹೊಸ ನಿಯಮ ಬರೆದಳು: 'ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳಲಾಗುತ್ತದೆ. ಬೇಡ ಎಂದರೆ ಬೇಡ. ಮತ್ತೆ ಕೇಳುವುದಿಲ್ಲ. ಉತ್ತರ ಬದಲಿಸಬೇಕಿದ್ದರೆ, ಉತ್ತರ ಕೊಟ್ಟವರೇ ಬಂದು ಹೇಳಬೇಕು.'

ಯತೀಶ್ ಆ ಸಾಲನ್ನು ಎರಡು ಸಲ ಓದಿದ. ಅದರಂತೆಯೇ ಟೂಲನ್ನೂ ತಿದ್ದಿದ. ಆ ಸಾಲು ತನ್ನ ಬೆನ್ನಿಗೇ ಬೀಳುತ್ತದೆ ಅಂತ ಬರೆದವಳಿಗೆ ಹೇಗೆ ಗೊತ್ತಾಗಬೇಕು?

ಐದನೇ ವಾರದ ಸೋಮವಾರ. ಸಂಜೆ ಐದೂವರೆ. ಗಾವಡಗೆರೆ ಬಸ್ಸಿಗೆ ಕಾಯುತ್ತಿದ್ದಳು ಸುಕನ್ಯ. ಪಕ್ಕದಲ್ಲಿ ಯತೀಶ್. ಅವನ ಬಸ್ಸು ಆಗಲೇ ಹೋಗಿತ್ತು, ಬೇಕೆಂದೇ ಬಿಟ್ಟಿದ್ದ.

"ಸುಕನ್ಯಾ ಅವ್ರೇ..."

"ಹೂಂ?"

"ಒಂದು ಮಾತು. ಪೂರ್ತಿಯಾಗಿ ಹೇಳ್ತೀನಿ, ಅರ್ಧಂಬರ್ಧ ಹೇಳಲ್ಲ. ನೀವೇ ಕಲಿಸಿದ್ದು." ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ನಂಗೆ ನೀವು ಇಷ್ಟ. ಮದುವೆ ಆಗೋ ಅಷ್ಟು ಇಷ್ಟ. ಈ ಭಾನುವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?"

ಸುಕನ್ಯಳ ಎದೆ ಹೊಡೆದುಕೊಂಡ ರಭಸಕ್ಕೆ ಬಸ್ ಸ್ಟ್ಯಾಂಡಿನ ಗಲಾಟೆಯೇ ಕೇಳಿಸದಾಯಿತು. ಬನ್ನಿ! ಬನ್ನಿ! ಇವತ್ತೇ ಬನ್ನಿ!... ಒಳಗೆ ಸಾವಿರ ಸಲ ಕೂಗಿದಳು. ಆದರೆ ಬಾಯಿ? ಹುಟ್ಟಿದಾಗಿನಿಂದ ಒಂದೇ ಪಾಠ ಕಲಿತ ಬಾಯಿ ಅದು.

"ಅಯ್ಯೋ... ಬೇಡ ಬೇಡ!" ಎಂದುಬಿಟ್ಟಿತು.

ತಲೆ ತಗ್ಗಿಸಿ ಕಾಲ್ಬೆರಳು ನೋಡುತ್ತಾ ಕಾದಳು. ಈಗ ಇನ್ನೊಂದು ಸಲ ಕೇಳ್ತಾರೆ. 'ಯಾಕ್ರೀ?' ಅಂತಾರೆ. ಆಗ ಸ್ವಲ್ಪ ನಗಬೇಕು. ಮೂರನೇ ಸಲಕ್ಕೆ...

"ಸರಿ," ಎಂದ ಯತೀಶ್.

ಅಷ್ಟೇ. ಅವಳು ತಲೆ ಎತ್ತುವಷ್ಟರಲ್ಲಿ ಅವನು ಬೇಕರಿಯ ಕಡೆ ನಡೆದಾಗಿತ್ತು.

ಮಾರನೆಯ ದಿನ ಅವನು ಎಂದಿನಂತೆ ಬಂದ, ಎಂದಿನಂತೆ ಗೌರವದಿಂದ ಮಾತಾಡಿದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಆದರೆ ಟೀ ಲೋಟ ಮಾತ್ರ ಮೇಜಿನ ತುದಿಯಲ್ಲಿಟ್ಟು ಹೋದ. ತಗಳಿ ಅನ್ನಲಿಲ್ಲ.

ಬುಧವಾರ. ಗುರುವಾರ. ಶುಕ್ರವಾರ. ಸುಕನ್ಯ ಕಾದೇ ಕಾದಳು. ಭಾನುವಾರವೂ ಬಂತು, ಸುಮ್ಮನೆ ಹೋಯಿತು.

'ಇಷ್ಟೇನಾ ಇವ್ರ ಪ್ರೀತಿ? ಎರಡನೇ ಸಲ ಕೇಳೋ ಅಷ್ಟೂ ಬೆಲೆ ಇಲ್ವಾ ನಂಗೆ? ತಮಾಷೆಗೆ ಕೇಳಿದ್ರಾ?' ಕೋಪ ಬಂತು. ಅಳು ಬಂತು. ತಾನೇ ಹೋಗಿ ಹೇಳೋಣವೆಂದರೆ... ಛೆ, ಹುಡುಗಿಯಾಗಿ ಮೇಲೆ ಬಿದ್ದು ಹೇಳುವುದು ಹೇಗೆ?

ಆ ಮಧ್ಯಾಹ್ನ ಅವ್ವ ಲಕ್ಷ್ಮಿದೇವಿ ಬಡಿಸುತ್ತಾ, "ಇನ್ನರ್ಧ ಮುದ್ದೆ ಹಾಕ್ಲಾ ಮಗ?" ಎಂದರು.

"ಬೇಡವ್ವ."

"ಉಣ್ಣು, ಮುಖ ಬಾಡೋಗದೆ," ಅಂತ ಹಾಕಿಯೇಬಿಟ್ಟರು.

ಸುಕನ್ಯಳ ಕಣ್ಣಲ್ಲಿ ಗಳಗಳ ನೀರು!

"ಯಾಕ್ ಮಗ? ಸಾರು ಖಾರವಾ?"

"ಹೂಂ ಕಣವ್ವ... ಖಾರ," ಎಂದಳು.

ಸೋಮವಾರ ಆಫೀಸಿಗೆ ಹೋದರೆ ಇನ್ನೊಂದು ಸುದ್ದಿ ಕಾದಿತ್ತು. ಮಹೇಂದ್ರ ಹೇಳಿದ, "ಶುಕ್ರವಾರದ ಪರೀಕ್ಷೆ ಮುಗಿದ ಮೇಲೆ ಯತೀಶ ಬೆಟ್ಟದಪುರದ ಮನೆಯಿಂದಲೇ ಕೆಲಸ ಮಾಡ್ತಾನಂತೆ. ಇಲ್ಲಿಗೆ ಬರೋದಿಲ್ವಂತೆ. ನಾನೂ ಹೂಂ ಅಂದೆ."

ಇನ್ನು ಬರೋದೇ ಇಲ್ಲ! ಸುಕನ್ಯಳ ಕೈಯಲ್ಲಿದ್ದ ಪೆನ್ನು ಜಾರಿ ಮೇಜಿನ ಕೆಳಗೆ ಉರುಳಿತು. ಶುಕ್ರವಾರ ಗೆದ್ದರೆ ಕೆಲಸ ಖಾಯಂ. ಆದರೆ ಎದುರಿನ ಆ ಕುರ್ಚಿ ಖಾಲಿ! ಅಂಥ ಗೆಲುವು ಯಾರಿಗೆ ಬೇಕಿತ್ತು?

ಶುಕ್ರವಾರ ಹನ್ನೊಂದೂವರೆಗೆ ಮೈಸೂರಿನ ಕಂಪನಿಯ ಮೇಡಂ ಬಂದರು. ಕೂದಲಲ್ಲಿ ಅಲ್ಲಲ್ಲಿ ನರೆ, ಚುರುಕು ಕಣ್ಣು. ಕುರ್ಚಿಗಳು ಸಾಲದೆ ಬೇಕರಿಯಿಂದ ಎರಡು ತಂದು ಹಾಕಿದ್ದರು. ಯತೀಶ್ ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ. ಅವನ ಕಾಲ ಬಳಿ ಬ್ಯಾಗು, ಅದರೊಳಗೆ ಅವನ ಮೇಜಿನ ಮೇಲಿದ್ದದ್ದೆಲ್ಲ.

ಮೇಡಂ ತಮ್ಮ ಏಜೆಂಟಿಗೆ ಕೆಲಸ ಕೊಟ್ಟರು. ಊರಿನ ಗ್ರಂಥಾಲಯಕ್ಕೆ ಒಂದು ಹೊಸ ಪ್ರಾಜೆಕ್ಟ್ ಸಿದ್ಧಮಾಡಬೇಕು. ಡಾಕ್ಯುಮೆಂಟ್ ಒಂದೇ ಆಧಾರ.

ಏಜೆಂಟ್ ಓದಿತು. ಶುರುಮಾಡಿತು. ಫೋಲ್ಡರು... ಫೈಲು... ಸೆಟ್ಟಿಂಗು... ಮಹೇಂದ್ರ ಉಸಿರು ಬಿಡುವುದನ್ನೇ ಮರೆತಿದ್ದ.

'ಸ್ಯಾಂಪಲ್ ಫೈಲುಗಳನ್ನೂ ಹಾಕಲೇ?'

'ಬೇಡ.'

'ಸರಿ.'

ಸುಕನ್ಯ ಬೆಚ್ಚಿದಳು. ಆ 'ಸರಿ'... ಅದೇ 'ಸರಿ'! ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದು!

ಟೂಲು ಮುಂದಕ್ಕೆ ಹೋಯಿತು. ಎರಡು ನಿಮಿಷಕ್ಕೂ ಮೊದಲೇ ಪರದೆಯ ಮೇಲೆ 'ಪ್ರಾಜೆಕ್ಟ್ ಸಿದ್ಧ' ಅಂತ ಮೂಡಿತು. ಮಹೇಂದ್ರ ಕುರ್ಚಿಯಿಂದ ಎದ್ದೇಬಿಟ್ಟ!

"ತಾಳಿ, ತಾಳಿ," ಎಂದರು ಮೇಡಂ. "ಈಗ ನಾನು ಮನಸ್ಸು ಬದಲಾಯಿಸಿದೆ ಅಂದ್ಕೊಳ್ಳಿ. ಸ್ಯಾಂಪಲ್ ಬೇಕು ಅಂತೀನಿ. ಏನು ಮಾಡತ್ತೆ ನೋಡೋಣ."

ಏಜೆಂಟ್ ಡಾಕ್ಯುಮೆಂಟಿನಲ್ಲಿ ಹುಡುಕಿತು. ಸಿಕ್ಕಿತು. 'ಉತ್ತರ ಬದಲಿಸು: ಬೇಕು' ಎಂದು ಬರೆಯಿತು. ಟೂಲು ಮರುಮಾತಿಲ್ಲದೆ ಫೈಲುಗಳನ್ನು ತಂದು ಜೋಡಿಸಿತು.

ಮೇಡಂ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದರು. "'ಬೇಡ ಎಂದರೆ ಬೇಡ. ಮತ್ತೆ ಕೇಳುವುದಿಲ್ಲ. ಉತ್ತರ ಬದಲಿಸಬೇಕಿದ್ದರೆ, ಉತ್ತರ ಕೊಟ್ಟವರೇ ಬಂದು ಹೇಳಬೇಕು.' ಎಷ್ಟು ಸ್ಪಷ್ಟವಾಗಿದೆ! ಯಾರು ಬರೆದದ್ದು ಇದು?"

ಎಲ್ಲರೂ ಸುಕನ್ಯಳ ಕಡೆ ನೋಡಿದರು. ಸುಕನ್ಯಳ ಕಣ್ಣು ಮಾತ್ರ ಪರದೆಯ ಆ ಸಾಲಿನ ಮೇಲೇ ಇತ್ತು.

ಅಯ್ಯೋ ದೇವರೇ! ನಾನೇ... ನಾನೇ ಬರೆದದ್ದು! ಅವರು ನನ್ನ ಮಾತನ್ನೇ ಪಾಲಿಸುತ್ತಾ ಕೂತಿದ್ದಾರೆ. ನಾನು ನೋಡಿದ್ರೆ...

ಬಾಗಿಲ ಕಡೆ ತಿರುಗಿದಳು. ಗೋಡೆ ಇತ್ತು. ಯತೀಶ್ ಇರಲಿಲ್ಲ. ಬ್ಯಾಗೂ ಇರಲಿಲ್ಲ!

"ಸರ್, ಅವ್ರು ಎಲ್ಲಿ?"

"ಸಿದ್ಧ ಅಂತ ಬಂದಿದ್ದು ನೋಡ್ಕಂಡೇ ಹೊರಟ ಕಣಮ್ಮ. ಹನ್ನೆರಡರ ಬಸ್ಸು." ಮಹೇಂದ್ರ ದನಿ ತಗ್ಗಿಸಿದ. "ನಾನಿದ್ರೆ ಸುಕನ್ಯಾ ಅವ್ರಿಗೆ ಮುಜುಗರ, ಕೆಲಸ ಖಾಯಂ ಆದ್ಮೇಲೆ ಅವ್ರು ಆರಾಮಾಗಿ ಇರ್ಲಿ ಅಂದ. ಏನಮ್ಮ ಅದು, ನಂಗಂತೂ ಅರ್ಥ ಆಗ್ಲಿಲ್ಲ."

ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ನಾಲ್ಕು ನಿಮಿಷ!

"ಮೇಡಂ, ಕ್ಷಮಿಸಿ, ಬಂದೆ!"

ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಬೇಕರಿ ದಾಟಿದಳು. ಚಪ್ಪಲಿ ಬಾರು ಕಿತ್ತಿತು, ಅಲ್ಲೇ ಬಿಟ್ಟಳು. ಬೆಟ್ಟದಪುರದ ಬಸ್ಸು ಗುರ್ ಎನ್ನುತ್ತಾ ಹಿಂದಕ್ಕೆ ಸರಿಯುತ್ತಿತ್ತು. ಮೂರನೇ ಕಿಟಕಿಯಲ್ಲಿ ಅದೇ ಮುಖ. ಇವತ್ತು ಅದರಲ್ಲಿ ನಗು ಇರಲಿಲ್ಲ.

"ಯತೀಶ್!"

ಬಸ್ಸಿನ ಪಕ್ಕೆಯನ್ನು ಅಂಗೈಯಿಂದ ಬಡಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಒಳಗಿದ್ದವರೆಲ್ಲ ಕಿಟಕಿಗೆ ಬಂದರು.

"ಏನಾಯ್ತು? ಏಜೆಂಟ್ ಫೇಲಾಯ್ತಾ?" ಯತೀಶ್ ಗಾಬರಿಯಿಂದ ಕೇಳಿದ.

"ಏಜೆಂಟ್ ಗೆದ್ದಿದೆ! ನಾನು ಫೇಲಾಗಿದ್ದೀನಿ!" ಅವಳಿಗೆ ಏದುಸಿರು. "ಉತ್ತರ ಬದಲಾಯಿಸೋಕೆ ಬಂದಿದ್ದೀನಿ. ಅವತ್ತು ನೀವು ಕೇಳಿದ್ರಿ, ನಾನು ಬೇಡ ಅಂದೆ. ಅದು ಟೀಗೆ ಅಂದಂಥ ಬೇಡ ಕಣ್ರೀ! ಎರಡನೇ ಸಲ ಕೇಳ್ತೀರ ಅಂತ ಕಾಯ್ತಾನೇ ಇದ್ದೆ... ನೀವು ಯಾಕೆ ಕೇಳ್ಲಿಲ್ಲ?"

ಯತೀಶ್ ಕಿಟಕಿಯ ಸರಳು ಹಿಡಿದುಕೊಂಡ.

"ಕೇಳಬೇಕು ಅಂತ ದಿನಾ ಅನ್ನಿಸೋದು. ಬಾಯಿಗೆ ಬಂದಿದ್ದನ್ನ ನುಂಗ್ಕಂಡೆ. ಮತ್ತೆ ಮತ್ತೆ ಕೇಳಿದ್ರೆ ಬೇಡದೆ ಇದ್ರೂ ಹೂಂ ಅಂದ್ಬಿಡ್ತಾರೆ ಅಂತ ನೀವೇ ಹೇಳಿದ್ರಿ. ನೀವು ಸಾಕಾಗಿ ಹೂಂ ಅಂದು, ಆಮೇಲೆ ಜೀವನ ಪೂರ್ತಿ... ಬೇಡ ಕಣ್ರೀ. ಅಂಥ ಹೂಂ ನಂಗೆ ಬೇಡಾಗಿತ್ತು."

ಸುಕನ್ಯಳ ಕಣ್ಣು ತುಂಬಿ ಬಂತು. ಇಷ್ಟು ದಿನ ಯಾರನ್ನು ಬೈದುಕೊಂಡು ಅತ್ತಳೋ, ಅವನು ಇವಳ ಒಂದು ಮಾತಿಗೆ ಇಷ್ಟು ಬೆಲೆ ಕೊಟ್ಟು ಒಳಗೊಳಗೇ ಸುಟ್ಟುಕೊಂಡಿದ್ದ!

"ಸಾಕಾಗಿ ಅಲ್ಲ," ಎಂದಳು. ಸುತ್ತ ನಲವತ್ತು ಜನ ಇದ್ದಾರೆ ಅಂತ ಗೊತ್ತಿತ್ತು. ಇರಲಿ! "ಯಾರೂ ಎರಡನೇ ಸಲ ಕೇಳ್ದೆ, ನಾನಾಗೇ ಬಂದು ಹೇಳ್ತಿದ್ದೀನಿ. ನಂಗೆ ನೀವು ಬೇಕು. ಈ ಭಾನುವಾರ ನಿಮ್ಮವ್ವನ್ನ ಕರ್ಕೊಂಡು ನಮ್ಮನೆಗೆ ಬನ್ನಿ."

ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ.

ಮುಂದಿನ ಸೀಟಿನ ಅಜ್ಜಿಯೊಬ್ಬರು ತಡೆಯಲಾರದೆ, "ಇನ್ನೂ ಕೂತಿದ್ದೀಯಲ್ಲಪ್ಪ, ಇಳಿಯೋ ಕೆಳಕ್ಕೆ!" ಎಂದು ಗದರಿದರು.

ಬಸ್ಸೆಲ್ಲ ನಗು. ಯತೀಶ್ ಬ್ಯಾಗು ಎಳೆದುಕೊಂಡು, ಎರಡು ಜನರ ಕಾಲು ತುಳಿದು, ಕೆಳಗೆ ಹಾರಿದ. ಅವಳ ಬರಿಗಾಲು ನೋಡಿದ. ಏನೂ ಹೇಳದೆ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟ.

"ಬೇ..." ಎನ್ನಲು ಹೋದ ಸುಕನ್ಯ ತುಟಿ ಕಚ್ಚಿಕೊಂಡಳು. ಆ ದೊಡ್ಡ ಚಪ್ಪಲಿಗಳನ್ನು ಮೆಟ್ಟಿಕೊಂಡು, ಟಪಟಪ ಸದ್ದು ಮಾಡುತ್ತಾ ಅವನ ಪಕ್ಕ ನಡೆದಳು.

ಭಾನುವಾರ ಗಾವಡಗೆರೆಯ ಆ ಮನೆಯಲ್ಲಿ ಒಬ್ಬಟ್ಟಿನ ಘಮ. ಯತೀಶನ ಅವ್ವ ಸೋಮಮ್ಮನೂ ಲಕ್ಷ್ಮಿದೇವಿಯೂ ಅರ್ಧ ಗಂಟೆಯಲ್ಲೇ ಅಕ್ಕತಂಗಿಯರಂತಾಗಿದ್ದರು. ಬೀಗರು ಅನ್ನುವ ಮಾತು ಬರುವ ಮೊದಲೇ ಎರಡು ಮನೆಯ ಬಸುರಿ, ಬಾಣಂತಿ, ನೆಂಟರಿಷ್ಟರ ಸುದ್ದಿಯೆಲ್ಲ ಮುಗಿದಿತ್ತು. ಊಟಕ್ಕೆ ಎಲೆ ಹಾಕಿದರು. ಬಡಿಸಲು ಬಂದವಳು ಸುಕನ್ಯ, ಹಸಿರು ಸೀರೆಯಲ್ಲಿ.

"ಇನ್ನೊಂದು ಒಬ್ಬಟ್ಟು ಹಾಕ್ಲಾ?"

ಯತೀಶನ ಬಾಯಿಯೂ ಅದೇ ಸೀಮೆಯದಲ್ಲವೇ? "ಬೇಡ ಬೇಡ," ಎಂದುಬಿಟ್ಟ.

"ಸರಿ," ಎಂದಳು ಸುಕನ್ಯ. ತಟ್ಟೆ ಎತ್ತಿಕೊಂಡು ಮುಂದಿನ ಎಲೆಗೆ ಹೊರಟೇಬಿಟ್ಟಳು!

ಅವನು ಅವಳ ಬೆನ್ನನ್ನು ನೋಡಿದ. ಒಬ್ಬಟ್ಟನ್ನು ನೋಡಿದ. ಇನ್ನು ತಡೆಯಲಾಗಲಿಲ್ಲ.

"ಸುಕನ್ಯಾ... ಉತ್ತರ ಬದಲಾಯಿಸ್ತೀನಿ ಕಣೇ."

ಕಣೇ! ಮೊದಲ ಸಲ. ಅವಳು ಬಾಗಿ, ಯಾರಿಗೂ ಕೇಳದ ದನಿಯಲ್ಲಿ ಹೇಳಿದಳು, "ಏನು ಬೇಕೋ ಪೂರ್ತಿ ಹೇಳಿ. ಅರ್ಧಂಬರ್ಧ ಹೇಳಿದ್ರೆ ನಂಗೆ ಗೊತ್ತಾಗಲ್ಲ."

"ಒಬ್ಬಟ್ಟು, ಒಂದು. ನೀನು, ಉಸಿರಿರೋಗಂಟ. ಉಳಿದಿದ್ದು... ಗೊತ್ತೇ ಇದೆ."

"ಹೂಂ," ಎಂದಳು ಸುಕನ್ಯ, ಒಂದೇ ಸಲಕ್ಕೆ.